ಸೂಜಿಗೆ ಅಡ್ಡ ನಿಂತವರು ಯಾರು?

‘ತಾಂಡಾದವರಿಗೆ ತಿಳಿವಳಿಕೆ ಇಲ್ಲ, ಮಕ್ಕಳಿಗೆ ಸೂಜಿ ಹಾಕಿಸುವುದೇ ಇಲ್ಲ.’ ಹಗರಿಬೊಮ್ಮನಹಳ್ಳಿಯಂಥ ಪೇಟೆಗಳಲ್ಲಿ ಅರಿಶಿನ ಕುಂಕುಮಕ್ಕೆ ಸೇರಿದ ಹೆಂಗಸರ ಬಾಯಲ್ಲಿ ಈ ಮಾತು ಸಲೀಸಾಗಿ ಬರುತ್ತದೆ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ತಿಳಿವಳಿಕೆಯ ಮಾತನ್ನೇ ಆಡೋಣ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತು. 9 ತಿಂಗಳಿಂದ 15 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಪುಕ್ಕಟೆ. ಆಗ ಲಸಿಕೆ ಅಪಾಯವೆಂಬ ಸುಳ್ಳು ವಾಟ್ಸಾಪಿನಲ್ಲಿ ಹರಿದಾಡಿತು. ಅದನ್ನು ಓದಿ ಇನ್ನೊಬ್ಬರಿಗೆ ಕಳಿಸಿದವರು ಅಕ್ಷರ ಬಲ್ಲವರೇ ಅಲ್ಲವೇ?

ತಾಂಡಾದ ತಾಯಿಗೆ ಅಡ್ಡಿಯಾಗಿರುವುದು ಗುಳೆ. ನಮ್ಮ ತಾಲ್ಲೂಕು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳಿಂದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಮಂಡ್ಯದ ಕಡೆಗೆ, ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೊರಡುತ್ತವೆ. ಹಸುಗೂಸು ಅವ್ವನ ಸೊಂಟದ ಮೇಲೇ ಹೋಗುತ್ತದೆ. ಸೂಜಿಯ ಲೆಕ್ಕವೋ 6, 10, 14 ವಾರ. ಆಮೇಲೆ 9 ತಿಂಗಳು. ಮತ್ತೆ ಒಂದೂವರೆ ವರ್ಷ. ಊರಿನ ಅಂಗನವಾಡಿಗೆ ಸಿಸ್ಟರ್ ಬಂದ ದಿನ ಕೂಸು ಕಬ್ಬಿನ ಗದ್ದೆಯ ಗುಡಿಸಲಿನಲ್ಲಿರುತ್ತದೆ. ಪೆಂಟಾ ಸೂಜಿಗೆ ಒಂದೆರಡು ದಿನ ಜ್ವರ ಬರುವುದುಂಟು. ಜ್ವರದ ಕೂಸು ಬಿಟ್ಟು ಅವಳು ಕೆಲಸಕ್ಕೆ ಹೋಗಲಾರಳು, ಹೋಗದಿದ್ದರೆ ಕೂಲಿ ಇಲ್ಲ. ಮುಂಗಡ ಕೊಟ್ಟ ಮೇಸ್ತ್ರಿ ಸುಮ್ಮನಿರುತ್ತಾನೆಯೇ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಪೂರ್ತಿ ಲಸಿಕೆ ಪಡೆದ ಮಕ್ಕಳು 2015-16ರಲ್ಲಿ ನೂರಕ್ಕೆ 63. 2019-20ರ ಹೊತ್ತಿಗೆ 84. ಏರಿಕೆ ದೊಡ್ಡದೇ. ಆದರೆ ದಡಾರ ಹರಡದಂತೆ ತಡೆಯಲು ನೂರರಲ್ಲಿ 95 ಮಕ್ಕಳಿಗಾದರೂ ಲಸಿಕೆ ಆಗಿರಬೇಕು. ಉಳಿದವರನ್ನು ಬೈದರೆ ಆ ಅಂತರ ತುಂಬುವುದಿಲ್ಲ.

ಪೋಲಿಯೋ ಹೇಗೆ ಹೋಯಿತು, ನೆನಪಿಸಿಕೊಳ್ಳಿ. ತಾಯಿ ಬರಲೆಂದು ಯಾರೂ ಕಾಯುತ್ತ ಕೂಡಲಿಲ್ಲ. ಮನೆಮನೆಗೆ, ಬಸ್ ನಿಲ್ದಾಣಕ್ಕೆ, ಇಟ್ಟಿಗೆ ಭಟ್ಟಿಗೆ ಹನಿಯೇ ನಡೆದು ಹೋಯಿತು. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೋ ವೈರಸ್ಸಿನ ಒಂದು ಪ್ರಕರಣವೂ ಇಲ್ಲ. ದಡಾರದ ಸೂಜಿಯೂ ಹಾಗೆಯೇ ಕಬ್ಬಿನ ಗದ್ದೆಗೆ ಹೋಗಬೇಕು. ಆಳುಗಳನ್ನು ಕರೆದೊಯ್ಯುವ ಗುತ್ತಿಗೆದಾರ, ಕೂಸುಗಳ ಪಟ್ಟಿಯನ್ನು ಅಲ್ಲಿನ ಆಸ್ಪತ್ರೆಗೆ ಕೊಡಲೇಬೇಕೆಂಬ ಕಟ್ಟುಪಾಡು ಬರಬೇಕು.

ಗುಳೆ ಬಂದವರು ನಮ್ಮ ಪೇಟೆಗಳಲ್ಲೂ ಇದ್ದಾರೆ. ಮನೆ ಕಟ್ಟಿಸುವ ಅಕ್ಕಂದಿರೇ, ನಿಮ್ಮ ಮರಳ ಗುಡ್ಡೆಯ ಮೇಲೆ ಆಡುವ ಕೂಸಿನ ತಾಯಿ ಕಾರ್ಡ್ ಎಲ್ಲಿದೆಯೆಂದು ಕೇಳಿ. ಯಾವ ಊರಿನ ಕೂಸಾದರೂ ಸರ್ಕಾರಿ ಆಸ್ಪತ್ರೆಯಲ್ಲಿ ಸೂಜಿ ಪುಕ್ಕಟೆಯೆಂದು ಹೇಳಿ. ಆ ದಿನದ ಕೂಲಿಯನ್ನು ಮುರಿಯಬೇಡಿ. ಇಷ್ಟು ಮಾಡಿದ ಮೇಲೂ ಅವಳು ಒಲ್ಲೆನೆಂದರೆ, ಆಗ ತಿಳಿವಳಿಕೆಯ ಮಾತು ಆಡೋಣ.