ಮುತ್ತಾತನ ಹೆಸರಿರುವ ಪುಸ್ತಕ

ನಿಮ್ಮ ಮುತ್ತಾತನ ಹೆಸರು ಹೇಳಿ ನೋಡೋಣ. ತಡವರಿಸ್ತೀರಿ. ಶಾನುಭೋಗನ ಲೆಕ್ಕದಲ್ಲಿ ಹೊಲ ಇದ್ದವನಿಗಷ್ಟೇ ಹೆಸರು. ಆಂಧ್ರದ ಒಂಗೋಲು ಸೀಮೆಯ ಮಾದಿಗರಿಗಾದರೆ ಬ್ಯಾಪ್ಟಿಸ್ಟ್ ಚರ್ಚಿನ ದೀಕ್ಷಾಸ್ನಾನದ ಪುಸ್ತಕವಿದೆ. 1878ರ ಜುಲೈ 3ರಂದು ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಜನ ಮುಳುಗೆದ್ದರು. ಗಂಜಿಗಾಗಿ ಹೋದರು ಅಂತ ಈಗಲೂ ಆಡಿಕೊಳ್ಳೋರಿದ್ದಾರೆ. 1876-78ರ ಬರದಲ್ಲಿ ಪಾದ್ರಿ ಜಾನ್ ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವೆ ಅಗೆಯೋ ಕೂಲಿ ಕೊಡಿಸಿದ್ದು ನಿಜ. ಆದರೆ ಆಗ ದೀಕ್ಷೆ ಕೊಡೋದನ್ನೇ ನಿಲ್ಲಿಸಿದ್ದ.

ಇವತ್ತು ಆ ಪುಸ್ತಕ ತೆರೆಯೋಕೆ ಹೆದರುವವರಿದ್ದಾರೆ. 1950ರ ರಾಷ್ಟ್ರಪತಿ ಆದೇಶದಂತೆ ಕ್ರೈಸ್ತ ದಲಿತ ಪರಿಶಿಷ್ಟನಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಬಾಗಿಲು ತೆರೆಯಿತು, ಇವರಿಗಿಲ್ಲ. ತಾತ ಸಿಕ್ಕರೆ ಮೊಮ್ಮಗನ ಸರ್ಟಿಫಿಕೇಟು ಹೋದೀತು! ಎಂಥ ನ್ಯಾಯ ಇದು? ತಿದ್ದಬೇಕಾದ್ದು ಆ ಆದೇಶವನ್ನ. ಹೆಸರುಗಳನ್ನ ಬಚ್ಚಿಡಬೇಡಿ, ನೋಟುಬುಕ್ಕಿಗೆ ಇಳಿಸಿಕೊಳ್ಳಿ.