ಕಿಟಕಿ ಸೈಜ್ ವಾಟ್ಸ್ಯಾಪ್ ಮಾಡಿಸಬೇಡಿ

ಬೆಂಗಳೂರಿನಲ್ಲಿ ಕೂತು ಊರಿನ ಮನೆಗೆ ಪರದೆ ಆರ್ಡರ್ ಮಾಡುವವರ ಮೇಲೆ ನನಗೊಂದು ತಕರಾರಿದೆ. ಅದು ಬಣ್ಣದ ಬಗ್ಗೆ ಅಲ್ಲ, ಬೆಲೆಯ ಬಗ್ಗೆಯೂ ಅಲ್ಲ. ಅಪ್ಪನಿಗೆ ಫೋನ್ ಮಾಡಿ "ಕಿಟಕಿ ಸೈಜ್ ಒಂದು ವಾಟ್ಸ್ಯಾಪ್ ಮಾಡಿ" ಅನ್ನುತ್ತೀರಲ್ಲ, ಅಲ್ಲೇ ಕೆಲಸ ಕೆಟ್ಟಿತು. ಎಪ್ಪತ್ತು ದಾಟಿದ ಮನುಷ್ಯ ಸ್ಟೂಲ್ ಹತ್ತಿ, ಅಮ್ಮನ ಹೊಲಿಗೆ ಡಬ್ಬಿಯ ಬಟ್ಟೆ ಟೇಪ್ ಹಿಡಿದು, ಒಂದು ಅಗಲ ಒಂದು ಎತ್ತರ ಬರೆದು ಕಳಿಸುತ್ತಾರೆ. ನೀವು ಲಂಚ್ ಬ್ರೇಕಿನಲ್ಲಿ ಐದಡಿಯದ್ದೋ ಏಳಡಿಯದ್ದೋ ನೋಡಿ, ಬ್ಲ್ಯಾಕೌಟ್ ಅಂತ ಬರೆದದ್ದನ್ನು ಒತ್ತಿ, ಮಕ್ಕಳ ಕರ್ತವ್ಯ ಮುಗಿಯಿತು ಅಂದುಕೊಳ್ಳುತ್ತೀರಿ.

ನಾನು ಹಿರಿಯಡ್ಕದವಳು. ಹೆಸರಲ್ಲೇ ಅಡ್ಕ ಉಂಟು. ಅಡ್ಕ ಅಂದರೆ ನಮ್ಮ ಕಡೆ ಗದ್ದೆಯಾಗದ ಗಟ್ಟಿ ನೆಲದ ಬಯಲು. ಇಂಥ ಊರಿನಲ್ಲಿ ಈಗ ಏಳುತ್ತಿರುವ ಮನೆಗಳನ್ನು ನೋಡಿ: ತಾರಸಿ, ಗೋಡೆ ತುಂಬ ಸ್ಲೈಡಿಂಗ್ ಗಾಜು, ಅದರ ಮೇಲೆ ಹೆಸರಿಗೊಂದು ಸಜ್ಜಾ. ಎಲಿವೇಶನ್ ಚಂದ ಕಾಣಬೇಕಲ್ಲ! ದುಡ್ಡು ಬೆಂಗಳೂರಿನದ್ದೋ ದುಬೈಯದ್ದೋ ಇರುತ್ತದೆ, ವಾಸ ಮಾತ್ರ ಅಪ್ಪ ಅಮ್ಮನದ್ದು. ಮೊದಲ ಬೇಸಗೆಯಲ್ಲೇ ಮನೆ ಕಾವಲಿಯ ಹಾಗೆ ಕಾಯುತ್ತದೆ. ಆಗ ಪರದೆಯ ನೆನಪಾಗುತ್ತದೆ.

ಮೊದಲು ಟೇಪಿನ ವಿಷಯ ಮುಗಿಸಿಬಿಡೋಣ. ಬಟ್ಟೆ ಟೇಪ್ ಹಿಗ್ಗುತ್ತದೆ, ಸ್ಟೀಲ್ ಟೇಪ್ ಬೇಕು. ಯಾವ ಚೌಕಟ್ಟೂ ಸರಿಯಾದ ಚೌಕ ಇರುವುದಿಲ್ಲ, ಹಾಗಾಗಿ ಅಗಲವನ್ನು ಮೇಲೆ, ನಡುವೆ, ಕೆಳಗೆ ಅಂತ ಮೂರು ಕಡೆ ಅಳೆಯಬೇಕು. ಚೌಕಟ್ಟಿನ ಒಳಗೆ ಕೂರುವ ಬ್ಲೈಂಡ್ ಆದರೆ ಮೂರರಲ್ಲಿ ಚಿಕ್ಕ ಅಳತೆ ಹಿಡಿಯಬೇಕು. ಮರ ಮಳೆಗಾಲದಲ್ಲಿ ಉಬ್ಬುವುದರಿಂದ ಅದರಲ್ಲೂ ಕಾಲಿಂಚು ಬಿಡಬೇಕು. ಬಟ್ಟೆಯ ಪರದೆಯಾದರೆ ರಾಡು ಕಿಟಕಿಗಿಂತ ಎರಡೂ ಬದಿ ಅರ್ಧರ್ಧ ಅಡಿ ಉದ್ದ ಇರಬೇಕು. ಇಲ್ಲದಿದ್ದರೆ ಸರಿಸಿದ ಪರದೆ ಗೋಡೆಯ ಮೇಲೆ ಹೋಗದೆ ಕಿಟಕಿಯಲ್ಲೇ ಗುಡ್ಡೆ ಬಿದ್ದು, ಅಷ್ಟು ಗಾಳಿ, ಅಷ್ಟು ಬೆಳಕು ಕಡಿಮೆ. ನೆರಿಗೆ ಬರಲು ರಾಡಿನ ಎರಡು ಪಟ್ಟು ಬಟ್ಟೆ ಬೇಕು. ನಾಲ್ಕಡಿಯ ಕಿಟಕಿಗೆ ಐದಡಿ ರಾಡು, ಹತ್ತಡಿ ಬಟ್ಟೆ, ಅಂದರೆ 48 ಇಂಚು ಅಗಲದ್ದರಲ್ಲಿ ಮೂರು ತುಂಡು. ಊರಿನ ಟೈಲರ್ ಇದನ್ನು ಬಾಯಿಲೆಕ್ಕದಲ್ಲಿ ಹೇಳಿಬಿಡುತ್ತಾರೆ. ಅಪ್ಪ ಕಳಿಸಿದ ಎರಡು ನಂಬರಿನಲ್ಲಿ ಇದ್ಯಾವುದೂ ಇಲ್ಲ.

ಇದು ಸುಲಭದ ಭಾಗ. ನೀವು ಕೇಳಲೇ ಇಲ್ಲದ ಇನ್ನೊಂದು ಅಳತೆ ಇದೆ: ಕಿಟಕಿ ಯಾವ ದಿಕ್ಕಿಗೆ?

ನಾವು ಎಂಥ ಜನ ನೋಡಿ. ಊರಿಗೆ ಹೆಸರಿಡುವಾಗ ಪಡುಬಿದ್ರಿ, ಮೂಡುಬಿದಿರೆ. ಯಕ್ಷಗಾನಕ್ಕೆ ತೆಂಕುತಿಟ್ಟು, ಬಡಗುತಿಟ್ಟು. ದಿಕ್ಕಿಲ್ಲದೆ ನಮಗೆ ಮಾತೇ ಹೊರಡುವುದಿಲ್ಲ. ಪರದೆಗೆ ಮಾತ್ರ ನಾಲ್ಕೂ ದಿಕ್ಕಿಗೆ ಒಂದೇ ಬಟ್ಟೆ, ಸೆಟ್ ಆಫ್ ಫೋರ್!

ಹಿರಿಯಡ್ಕ ಇರುವುದು ಸುಮಾರು 13.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರ ನಡುಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲೆ. ಆಗ ಸಣ್ಣ ಸಜ್ಜಾ ಕೂಡ ಗೋಡೆಗೆ ನೆರಳು ಕೊಡುತ್ತದೆ. ತೊಂದರೆ ಪಡುವಣದ್ದು. ಮಾರ್ಚ್ 21ರ ಹೊತ್ತಿಗೆ ಸಂಜೆ ನಾಲ್ಕೂವರೆಗೆ ಸೂರ್ಯ ದಿಗಂತದಿಂದ ಸುಮಾರು 30 ಡಿಗ್ರಿ ಮೇಲಿರುತ್ತಾನೆ. ಪಡುಗೋಡೆಯ ಎರಡಡಿ ಸಜ್ಜಾ ಆಗ ನೆರಳು ಕೊಡುವುದು ಕಿಟಕಿಯ ಮೇಲಿನ ಒಂದಡಿ ಚಿಲ್ಲರೆಗೆ ಮಾತ್ರ. ನಾಲ್ಕಡಿ ಎತ್ತರದ ಕಿಟಕಿ ಪೂರ್ತಿ ನೆರಳಿಗೆ ಬರಬೇಕಾದರೆ ಸಜ್ಜಾ ಹೆಚ್ಚುಕಡಿಮೆ ಏಳಡಿ ಚಾಚಬೇಕು.

ಏಳಡಿ ಚಾಚಿದ ನೆರಳು ಅಂದರೆ ಎಂತ? ಒಂದು ಜಗಲಿ.

ಅಜ್ಜಂದಿರು ಕೋನಮಾಪಕ ಹಿಡಿದು ಲೆಕ್ಕ ಹಾಕಿರಲಿಲ್ಲ, ಆದರೆ ಉತ್ತರ ಅದೇ ಬಂದಿತ್ತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರುಮಾಡಿತು. ಮುಳಿಹುಲ್ಲು ಹೋಗಿ ಹಂಚು ಬಂದರೂ ಮಾಡಿನ ಇಳಿಜಾರು ಉಳಿಯಿತು, ಗೋಡೆಯಾಚೆ ಚಾಚಿದ ಅದರ ಅಂಚೂ ಉಳಿಯಿತು. ಮಳೆಗಾಲದಲ್ಲಿ ಎರಚಲು ಬರುವ ಬದಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಪರದೆ ಅಂತ ಇದ್ದರೆ ಅದೇ, ಅದೂ ಮನೆಯ ಹೊರಗೆ. ನಂಬಿಕೆ ಬಾರದಿದ್ದರೆ ಆತ್ರಾಡಿ, ಪರ್ಕಳ ದಾಟಿ ಮಣಿಪಾಲಕ್ಕೆ ಹೋಗಿ. ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿ ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಅಲ್ಲಿದೆ. ಕಂಬಗಳ ಕೆತ್ತನೆಯ ಜೊತೆಗೆ ಮಾಡು ಗೋಡೆಯಿಂದ ಎಷ್ಟು ಆಚೆ ಬಂದಿದೆ ಅಂತಲೂ ಸ್ವಲ್ಪ ನೋಡಿ.

ಹಳೆಯ ಮನೆಯೆಲ್ಲ ಸ್ವರ್ಗ ಅನ್ನುತ್ತಿಲ್ಲ. ಒಳಕೋಣೆ ಕತ್ತಲು, ಅಡುಗೆಮನೆ ಹೊಗೆ. ಅದನ್ನು ಬಿಟ್ಟದ್ದು ಸರಿಯೇ. ಆದರೆ ಕತ್ತಲನ್ನು ಬಿಡುವ ಭರದಲ್ಲಿ ನೆರಳನ್ನೂ ಬಿಟ್ಟೆವು. ಈಗ ದುಡ್ಡು ಕೊಟ್ಟು ಕತ್ತಲನ್ನು ವಾಪಸ್ ತರಿಸುತ್ತಿದ್ದೇವೆ, ನೆರಳು ಮಾತ್ರ ಬರಲಿಲ್ಲ.

ಯಾಕೆಂದರೆ ಒಳಗೆ ಕಟ್ಟಿದ ಪರದೆ ಬಿಸಿಲನ್ನು ಹಿಡಿಯುವುದು ಅದು ಮನೆಯೊಳಗೆ ಬಂದ ಮೇಲೆ. ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಪರದೆ ಕಾಯುತ್ತದೆ, ಕಾದ ಪರದೆಯ ಝಳ ಬಹುಪಾಲು ಕೋಣೆಯಲ್ಲೇ ಉಳಿಯುತ್ತದೆ. ಅದೇ ಬಟ್ಟೆ, ಅದೇ ಬಿದಿರಿನ ತಟ್ಟಿ ಗಾಜಿನ ಹೊರಗಿದ್ದರೆ ಆ ಕಾವು ಗಾಳಿಗೆ ಹೋಗುತ್ತಿತ್ತು. ಮೇಲಿಂದ ನಮ್ಮದು ಸೆಖೆಯ ಊರು. ಬೆವರು ಆರಲು ಗಾಳಿ ಆಡಬೇಕು, ದಪ್ಪ ಪರದೆ ಅದನ್ನೇ ತಡೆಯುತ್ತದೆ. ಇನ್ನು ಮಳೆ: ಬೆಂಗಳೂರಿಗೆ ವರ್ಷಕ್ಕೆ ಸುಮಾರು 1,000 ಮಿಲಿಮೀಟರ್, ಉಡುಪಿ ಕಡೆ ಸುಮಾರು 4,000, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆ ನಾಲ್ಕು ತಿಂಗಳು ದಪ್ಪ ಪರದೆ ಒಮ್ಮೆ ಚಂಡಿಯಾದರೆ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ.

ನಮ್ಮ ದೊಡ್ಡಮ್ಮನ ಮನೆಯ ಚಾವಡಿಗೆ ಇಂಥದ್ದೇ ಪರದೆ ಬಂದಿದೆ. ಜುಲೈಯಲ್ಲಿ ಹೋದಾಗ ಬೆಳಿಗ್ಗೆ ಹನ್ನೊಂದಕ್ಕೆ ಟ್ಯೂಬ್‌ಲೈಟ್ ಹಾಕಿಕೊಂಡು ಕೂತಿದ್ದರು. ಕೋಣೆ ತುಂಬ ಮುಗ್ಗಲು ವಾಸನೆ. ಮೊದಲೆಲ್ಲ ಅದೇ ಕಿಟಕಿಯ ಹತ್ತಿರ ಕೂತು, ಗೇಟು ತೆಗೆದವರು ಯಾರು, ಬಸ್ಸು ಹೋಯಿತೋ ಇಲ್ಲವೋ, ಎಲ್ಲ ಹೇಳುತ್ತಿದ್ದವರು. "ಇದನ್ನು ತೆಗೆದಿಡಬಾರದಾ ದೊಡ್ಡಮ್ಮ?" ಅಂದೆ. "ಮಗನಿಗೆ ಬೇಜಾರಾಗ್ತದೆ ಮಾರಾಯ್ತಿ. ಅಷ್ಟು ದುಡ್ಡು ಕೊಟ್ಟು ಕಳಿಸಿದ್ದಲ್ವಾ? ವೀಡಿಯೊ ಕಾಲ್‌ನಲ್ಲಿ ಕಾಣ್ಬೇಕಲ್ಲ" ಅಂದರು.

ನನ್ನ ಸಿಟ್ಟಿಗೆ ಕಾರಣ ಇದು. ವಯಸ್ಸಾದವರಿಗೆ ಕಿಟಕಿ ಅಂದರೆ ಹೊರಗಿನ ಊರು. ಮಂಡಿನೋವಿನಿಂದ ಅಂಗಳಕ್ಕೂ ಇಳಿಯಲಾಗದವರಿಗೆ ದಿನಕ್ಕೆ ನಾಲ್ಕು ಮುಖ ಕಾಣುವುದು ಅಲ್ಲಿಂದ. ಅದನ್ನು ಮುಚ್ಚಿದ್ದು ನಿಮ್ಮ ಪ್ರೀತಿ. ಪ್ರೀತಿ ಅನ್ನುವ ಕಾರಣಕ್ಕೇ ಅವರು ಬೇಡ ಅನ್ನಲಾರರು.

"ಎಸಿ ಹಾಕಿಸಿದ್ರೆ ಆಯ್ತಲ್ಲ" ಅನ್ನುವವರಿದ್ದಾರೆ. ಗಾಳಿಮಳೆಗೆ ಕರೆಂಟು ಹೋದಾಗ ಎಸಿ ಗೋಡೆಯ ಮೇಲಿನ ಡಬ್ಬ. ಇದ್ದಾಗಲೂ ಬಿಲ್ಲು ನೋಡಿದ ಅಪ್ಪ ಅದನ್ನು ನೀವು ಬಂದಾಗ ಮಾತ್ರ ಹಾಕುತ್ತಾರೆ, ನಿಮಗೂ ಗೊತ್ತು. "ಪ್ರೈವೆಸಿ ಬೇಡವಾ?" ಅನ್ನುತ್ತೀರಿ. ಬೇಕು. ಕಿಟಕಿಯ ಕೆಳಗಿನ ಅರ್ಧಕ್ಕೆ ಒಂದು ತೆಳ್ಳಗಿನ ಹತ್ತಿ ಬಟ್ಟೆ ಸಾಕು. ಮಾನವೂ ಉಳಿಯುತ್ತದೆ, ಮೇಲಿಂದ ಗಾಳಿಯೂ ಬರುತ್ತದೆ, ಚಂಡಿಯಾದರೆ ಬೇಗ ಒಣಗುತ್ತದೆ.

ಹಾಗಾಗಿ ಮುಂದಿನ ಸಲ ಊರಿಗೆ ಬಂದಾಗ ಸ್ಟೀಲ್ ಟೇಪ್ ನೀವೇ ಹಿಡಿಯಿರಿ. ಸಂಜೆ ನಾಲ್ಕೂವರೆಗೆ ಅಂಗಳದಲ್ಲಿ ನಿಂತು ಯಾವ ಕಿಟಕಿಗೆ ಬಿಸಿಲು ಬೀಳುತ್ತದೆ ನೋಡಿ. ಮಳೆಗಾಲದಲ್ಲಿ ಎರಚಲು ಎಲ್ಲಿವರೆಗೆ ಬರುತ್ತದೆ ಅಂತ ಅಮ್ಮನನ್ನು ಕೇಳಿ. ಒರೆಸುವವರು ಅವರೇ ಆದ್ದರಿಂದ ಇಂಚಿನ ಲೆಕ್ಕದಲ್ಲಿ ಹೇಳುತ್ತಾರೆ. ಅವರು ದಿನವಿಡೀ ಕೂರುವ ಕುರ್ಚಿಯಲ್ಲಿ ಹತ್ತು ನಿಮಿಷ ಕೂತು ಹೊರಗೆ ಎಂತ ಕಾಣುತ್ತದೆ ನೋಡಿ. ಆಮೇಲೆ ಪರದೆಗೆ ಇಟ್ಟ ದುಡ್ಡಿಗೆ ಇನ್ನಷ್ಟು ಸೇರಿಸಿ, ಪಡುಬದಿಗೆ ಒಂದು ಇಳಿಮಾಡು ಇಳಿಸಿ. ಅಷ್ಟಾಗದಿದ್ದರೆ ಹೊರಗೊಂದು ಬಿದಿರಿನ ತಟ್ಟಿಯನ್ನಾದರೂ ಕಟ್ಟಿಸಿ, ಬೇಕಾದಾಗ ಸುತ್ತಿ ಮೇಲೆತ್ತುವ ಹಾಗೆ. ಅದಕ್ಕೂ ಪುರುಸೊತ್ತಿಲ್ಲದಿದ್ದರೆ ದಯವಿಟ್ಟು ಏನೂ ಕಳಿಸಬೇಡಿ. ಅವರ ಕಿಟಕಿ ತೆರೆದೇ ಇರಲಿ.