ಗೆಳೆಯರಿಲ್ಲದ ಮಗುವಿಗೆ ಬುದ್ಧಿಮಾತು ಸಾಲದು

ನವಿ ಮುಂಬಯಿಯ ಘಣಸೋಲಿಯಲ್ಲಿ ಬಾಡಿಗೆ ಮನೆಯ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದ್ದು. ಮುಗಿಯುತ್ತಿದ್ದಂತೆ ಮಾಲೀಕ ಬಾಡಿಗೆ ಏರಿಸುತ್ತಾನೆ. ಸಂಸಾರ ಐರೋಲಿಗೋ ಕೋಪರ್‌ಖೈರಣೆಗೋ ಸಾಮಾನು ಕಟ್ಟುತ್ತದೆ. ದೊಡ್ಡವರಿಗೆ ಅದು ಟ್ರಾನ್ಸ್‌ಹಾರ್ಬರ್ ಲೈನಿನಲ್ಲಿ ಒಂದೆರಡು ಸ್ಟೇಷನ್ ಆಚೆ ಅಷ್ಟೆ. ಎಂಟನೇ ತರಗತಿಯ ಹುಡುಗನಿಗೆ ಬೇರೆ ಶಾಲೆ, ಬೇರೆ ಬೆಂಚು, ಮೊದಲೇ ಹಂಚಿಹೋಗಿರುವ ಗುಂಪುಗಳು.

ಉಡುಪಿಯಿಂದಲೋ ವಿಜಯಪುರದಿಂದಲೋ ನೇರ ಇಲ್ಲಿಗೆ ಬಂದ ಮಗುವಾದರೆ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಮಹಾರಾಷ್ಟ್ರದ 2020ರ ಕಾಯ್ದೆಯಂತೆ ಎಲ್ಲ ಶಾಲೆಗಳಲ್ಲೂ ಹತ್ತನೆಯವರೆಗೆ ಮರಾಠಿ ಕಡ್ಡಾಯ. ಅದನ್ನು ಪುಸ್ತಕ ನೋಡಿಯಾದರೂ ಕಲಿಯಬಹುದು. ಆಟದ ಮೈದಾನದ ಮುಂಬಯಿ ಹಿಂದಿಗೆ ಯಾವ ಪುಸ್ತಕವಿದೆ? ಒಂದು ಉಚ್ಚಾರ ತಪ್ಪಿದರೆ ನಗು, ಆಮೇಲೆ ‘ಅಣ್ಣಾ’ ಎಂಬ ಅಡ್ಡಹೆಸರು. ಕ್ರಮೇಣ ಮಗು ಬಾಯಿ ತೆರೆಯುವುದನ್ನೇ ಬಿಡುತ್ತದೆ. ಮನೆಯಲ್ಲಿ ಸಿಗುವ ಔಷಧ ಒಂದೇ: ‘ನೀನೇ ಹೋಗಿ ಮಾತಾಡು, ನಾಚಿಕೆ ಬಿಡು.’

ತಪ್ಪು ಮಗುವಿನ ಸ್ವಭಾವದಲ್ಲಿದೆ ಎಂದು ನಾವು ಮೊದಲೇ ತೀರ್ಮಾನಿಸಿಬಿಡುತ್ತೇವೆ. ಈ ತೀರ್ಮಾನಕ್ಕೆ ಒಳ್ಳೆಯ ಉತ್ತರ ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ವಿವೇಕ್ ಮೂರ್ತಿ. ಅಮೆರಿಕದ ಸರ್ಜನ್ ಜನರಲ್, ಅಂದರೆ ಸಾರ್ವಜನಿಕ ಆರೋಗ್ಯದ ಉನ್ನತಾಧಿಕಾರಿಯ ಹುದ್ದೆಗೆ ಎರಡು ಬಾರಿ ಏರಿದವರು. ಮಿಯಾಮಿಯಲ್ಲಿ ಬೆಳೆಯುವಾಗ ಶಾಲೆಗೆ ಹೋಗಲಾರದೆ ಹೊಟ್ಟೆನೋವಿನ ನೆಪ ಹೇಳುತ್ತಿದ್ದುದನ್ನು ಅವರೇ ಬರೆದುಕೊಂಡಿದ್ದಾರೆ. ಹೆದರಿಕೆ ಪಾಠದ್ದಲ್ಲ, ಪರೀಕ್ಷೆಯದೂ ಅಲ್ಲ. ಒಂಟಿಯಾಗಿ ಕೂರಬೇಕಲ್ಲ ಎನ್ನುವುದು. ನಾಚಿಕೆಯಿಂದ ಅದನ್ನು ಅಪ್ಪ ಅಮ್ಮನಿಗೂ ಹೇಳಿರಲಿಲ್ಲ. ಅದೇ ಹುಡುಗ ದೊಡ್ಡವನಾಗಿ, 2023ರಲ್ಲಿ, ಒಂಟಿತನ ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದು ತನ್ನ ದೇಶಕ್ಕೆ ಅಧಿಕೃತ ಎಚ್ಚರಿಕೆ ಕೊಟ್ಟ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ ಜಗತ್ತಿನಲ್ಲಿ ಆರರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ಅದರಲ್ಲೂ ಹದಿಹರೆಯದವರೇ ಮುಂದೆ.

ಗೆಳೆತನಕ್ಕೆ ಬೇಕಾದದ್ದು ಧೈರ್ಯಕ್ಕಿಂತ ಹೆಚ್ಚಾಗಿ ಸಮಯ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್, ಊರು ಬದಲಿಸಿದ ವಯಸ್ಕರನ್ನೂ ಕಾಲೇಜಿನ ಹೊಸಬರನ್ನೂ ಗಮನಿಸಿ ಒಂದು ಲೆಕ್ಕ ಹಾಕಿದರು. ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ, ಆಪ್ತತೆಗೆ 200ಕ್ಕೂ ಹೆಚ್ಚು. ಜೊತೆಗೆ ಕುಳಿತು ಕೆಲಸ ಮಾಡಿದ ಹೊತ್ತು ಇದರಲ್ಲಿ ಅಷ್ಟಾಗಿ ಗಣನೆಗೆ ಬರುವುದಿಲ್ಲ. ಹರಟೆ, ಆಟ, ತಿರುಗಾಟಕ್ಕೇ ಬೆಲೆ. ಈಗ ನಮ್ಮ ಮಕ್ಕಳ ದಿನಚರಿ ತೆಗೆದು ನೋಡಿ. ಪಾಳಿಯ ಶಾಲೆ, ಗೇಟಿನಿಂದ ಗೇಟಿಗೆ ಬಿಡುವ ವ್ಯಾನು, ಕೋಚಿಂಗ್ ಕ್ಲಾಸು, ಹೋಮ್‌ವರ್ಕ್. ಆ 50 ಗಂಟೆಯನ್ನು ಎಲ್ಲಿಂದ ತರಬೇಕು? ಹತ್ತನೇ ಮುಗಿಯುತ್ತಲೇ ಹನ್ನೊಂದರ ಪ್ರವೇಶಪಟ್ಟಿ ಬಂದು, ಅಷ್ಟಿಷ್ಟು ಕೂಡಿದ್ದ ಗುಂಪನ್ನೂ ಚದುರಿಸುತ್ತದೆ.

ಒಬ್ಬರೇ ಇರುವ ಮಕ್ಕಳೆಲ್ಲ ದುಃಖಿಗಳಲ್ಲ, ಇದನ್ನೂ ಹೇಳಬೇಕು. ಪುಸ್ತಕ ಹಿಡಿದು ತನ್ನ ಪಾಡಿಗೆ ಖುಷಿಯಾಗಿರುವವಳನ್ನು ಪಾರ್ಟಿಗೆ ದೂಡುವುದು ಹಿಂಸೆ. ನೋಡಬೇಕಾದದ್ದು ಬೇರೆ ಗುರುತು: ಭಾನುವಾರ ರಾತ್ರಿ ಬರುವ ತಲೆನೋವು, ಪಿಕ್‌ನಿಕ್ ಬೇಡವೆನ್ನುವುದು, ತಿನ್ನದೆ ವಾಪಸು ಬರುವ ಡಬ್ಬಿ. ಅಂಥಲ್ಲಿ ಪೋಷಕರು ಕ್ಲಾಸಿನ ವಾಟ್ಸ್ಯಾಪ್ ಗುಂಪಿನಲ್ಲಿ ‘ನನ್ನ ಮಗನ ಜೊತೆ ಯಾರೂ ಆಡುವುದಿಲ್ಲ’ ಎಂದು ಬರೆದರೆ ಮರುದಿನ ತರಗತಿಯಲ್ಲಿ ಅವನಿಗೆ ಇನ್ನೊಂದು ಅವಮಾನ ಕಾದಿರುತ್ತದೆ. ಕ್ಲಾಸ್ ಟೀಚರನ್ನು ಒಬ್ಬರೇ ಭೇಟಿಯಾಗಿ, ಪ್ರಾಜೆಕ್ಟಿಗೆ ಮೃದು ಸ್ವಭಾವದ ಒಬ್ಬ ಜೊತೆಗಾರನನ್ನು ಕೊಡಿ ಎಂದು ಕೇಳುವುದು ಮೇಲು. ಇಡೀ ಗುಂಪು ಬೇಕಿಲ್ಲ, ಮೊದಲಿಗೆ ಒಬ್ಬ ಸಾಕು. ಆಟದ ಟೀಚರು ಕೂಡ, ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಕರೆದು ತಂಡ ಕಟ್ಟುವ ಪದ್ಧತಿಯನ್ನು ನಿಲ್ಲಿಸಲಿ. ಎಲ್ಲರೆದುರು ಕೊನೆಯವನಾಗಿ ಉಳಿಯುವುದು ಪ್ರತಿ ಸಲವೂ ಅದೇ ಮಗು.

ಚುಡಾಯಿಸುವುದು ಕಿರುಕುಳವಾಗಿದ್ದರೆ ಮಾತು ಬೇರೆ. ಅದಕ್ಕೆ ಶಾಲೆಯೇ ಹೊಣೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರಿರಬೇಕೆಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಿಮ್ಮ ಶಾಲೆಯಲ್ಲಿ ಆ ಹುದ್ದೆಯಲ್ಲಿ ಯಾರಿದ್ದಾರೆ ಎಂದು ಪೋಷಕರ ಸಭೆಯಲ್ಲಿ ಕೇಳಿ. ಮಗು ಮೌನಕ್ಕೆ ಜಾರಿದರೆ, ಬದುಕು ಬೇಡವೆಂಬ ಮಾತು ಆಡಿದರೆ, ಕಾಯಬೇಡಿ: 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೂ ಮಾತಾಡುತ್ತದೆ.

ಇನ್ನು ಮುಂಬಯಿಯ ನಮ್ಮ ಕನ್ನಡ ಸಂಘಗಳ ಮಾತು. ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಗೆ ಹೋದ ಹಿಂದಿನ ತಲೆಮಾರಿನ ಹುಡುಗರಿಗೆ ಬೇಕಾದಷ್ಟು ಕಷ್ಟವಿತ್ತು, ಆದರೆ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುತ್ತಿದ್ದ ಅವರಿಗೆ ಜೊತೆಗಾರರ ಬರವಿರಲಿಲ್ಲ. ಅವರು ಕಟ್ಟಿದ ಸಂಘಗಳು ಇಂದು ವರ್ಷಕ್ಕೊಮ್ಮೆ ಹೆಚ್ಚು ಅಂಕ ಪಡೆದವರಿಗೆ ಶಾಲು, ಹಾರ, ಪ್ರತಿಭಾ ಪುರಸ್ಕಾರ ಕೊಡುತ್ತವೆ. ಒಳ್ಳೆಯದೇ. ಆದರೆ ವೇದಿಕೆಗೆ ಬರದ ಮಕ್ಕಳ ಹೆಸರು ನಮ್ಮಲ್ಲಿ ಎಷ್ಟು ಪದಾಧಿಕಾರಿಗಳಿಗೆ ಗೊತ್ತು? ವಾರ್ಷಿಕೋತ್ಸವದಲ್ಲಿ ಗೆಳೆತನ ಬೆಳೆಯುವುದಿಲ್ಲ; ಪ್ರತಿ ಶನಿವಾರ ಅದೇ ಹತ್ತು ಮಕ್ಕಳು ಸೇರುವ ಯಕ್ಷಗಾನದ ಹೆಜ್ಜೆಯ ತರಗತಿಯಲ್ಲಿ, ಚೆಂಡೆಯ ಸುತ್ತ, ಕೇರಂ ಬೋರ್ಡಿನ ಸುತ್ತ ಬೆಳೆಯುತ್ತದೆ. ಸಂಘದ ಸಭಾಗೃಹ ಬಹುತೇಕ ಸಂಜೆ ಖಾಲಿಯೇ ಇರುತ್ತದೆ. ವಾರಕ್ಕೆ ಎರಡು ಗಂಟೆ ಅದರ ಕೀಲಿ ಮಕ್ಕಳ ಕೈಗೆ ಕೊಡಿ, ಬೀದಿಯಾಚೆಯ ಮರಾಠಿ ಹುಡುಗನನ್ನೂ ಕರೆಯಲು ಹೇಳಿ. ಬರುವ ಜೂನ್‌ನಲ್ಲಿ ಶಾಲೆ ತೆರೆಯುವ ಮುನ್ನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಒಂದು ವಿಷಯವನ್ನು ತೆಗೆದುಕೊಳ್ಳಿ.